ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲೋ ಮಗ ಫ್ರೀಮಾಂಟ್‌ನಲ್ಲೋ ಇರುವ ಮನೆ ಈಗ ನಮ್ಮ ಬೀದಿಗೊಂದಾದರೂ ಸಿಗುತ್ತದೆ. ಹಾಗಾಗಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ತನಕದ ಪ್ರಯಾಣದ ಬಗ್ಗೆ ಮದುವೆಮನೆಯ ಊಟದ ಸಾಲಿನಲ್ಲೂ ಪ್ರಶ್ನೆ ಬರುತ್ತದೆ, ಪತ್ರದಲ್ಲೂ ಬರುತ್ತದೆ. ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಸುಲಭದವು ಮೊದಲು, ಲೆಕ್ಕಾಚಾರದವು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಅರ್ಥವಾಗುತ್ತದೆ.

## ಮೊದಲ ಪ್ರಶ್ನೆಗಳು

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಕಿಲೋಮೀಟರ್ ಆಗುತ್ತೆ?

ಭೂಮಿಯ ಮೇಲೆ ಅಳೆಯಬಹುದಾದ ಅತಿ ಹತ್ತಿರದ ದಾರಿಯಲ್ಲಿ ಸುಮಾರು 14,000 ಕಿ.ಮೀ. ಅಮೆರಿಕದವರ ಲೆಕ್ಕದಲ್ಲಿ 8,700 ಮೈಲಿ, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 7,550ರ ಆಸುಪಾಸು.

ಇದು ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಸುಮಾರು 3,200 ಕಿ.ಮೀ. ಅದನ್ನು ನಾಲ್ಕು ಸಲ ದಾಟಿದರೂ ಇನ್ನೂ ಸಾವಿರ ಕಿ.ಮೀ. ಉಳಿಯುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಇರುವುದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ಅಂತರ ಇರಲು ಸಾಧ್ಯವಿಲ್ಲ. ನಮ್ಮ ದಾರಿ ಅದರ ಮುಕ್ಕಾಲು ಪಾಲಿಗೆ ಹತ್ತಿರ.

ವಿಮಾನದಲ್ಲಿ ಎಷ್ಟು ಗಂಟೆ ಕೂತಿರಬೇಕು?

ಎಲ್ಲೂ ನಿಲ್ಲದ ವಿಮಾನವಾದರೆ ಬೆಂಗಳೂರಿನಿಂದ ಹೋಗುವಾಗ ಸುಮಾರು 16 ಗಂಟೆ, ವಾಪಸ್ ಬರುವಾಗ ಹದಿನೇಳೂವರೆಯಿಂದ ಹದಿನೇಳೂಮುಕ್ಕಾಲು ಗಂಟೆ. ಮಧ್ಯೆ ಒಂದು ಕಡೆ ಇಳಿದು ವಿಮಾನ ಬದಲಾಯಿಸಿದರೆ ಒಟ್ಟು 20ರಿಂದ 26 ಗಂಟೆ. ಅದರಲ್ಲಿ ಎಷ್ಟು ಹೊತ್ತು ನಿಲ್ದಾಣದ ಬೆಂಚಿನ ಮೇಲೆ ಕಳೆಯುತ್ತದೆ ಅನ್ನುವುದು ನೀವು ಆರಿಸಿದ ಟಿಕೆಟ್ ಮೇಲೆ ಹೋಗುತ್ತದೆ.

ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದಕ್ಕೆ ಇಳಿಯುತ್ತೆ ಅಂತ ಟಿಕೆಟ್‌ನಲ್ಲಿದೆ. ಎರಡೂವರೆ ಗಂಟೆಗೆ ಅಮೆರಿಕ ತಲುಪೋದಾ?

ಟಿಕೆಟ್‌ನಲ್ಲಿ ತಪ್ಪಿಲ್ಲ. ವಿಮಾನದ ಟಿಕೆಟ್ ಮೇಲೆ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನ ಗಡಿಯಾರದ್ದು. 2021ರ ಚಳಿಗಾಲದಲ್ಲಿ ಈ ಮಾರ್ಗ ಶುರುವಾದಾಗ ವೇಳಾಪಟ್ಟಿ ಇದ್ದದ್ದೇ ಹೀಗೆ. ಬೆಂಗಳೂರಿನಲ್ಲಿ ಮಧ್ಯಾಹ್ನ 2:30 ಆಗಿದ್ದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಅದೇ ದಿನದ ಬೆಳಗಿನ ಜಾವ 1:00. ಅಲ್ಲಿಂದ 16 ಗಂಟೆ ಸೇರಿಸಿ, ಸಂಜೆ 5:00.

ಹಾಗಾಗಿ ಎರಡು ಪ್ರಶ್ನೆಗಳನ್ನು ಯಾವತ್ತೂ ಬೇರೆ ಬೇರೆಯಾಗಿಯೇ ಕೇಳಿ: ಹಾರಾಟ ಎಷ್ಟು ಗಂಟೆ? ಅಲ್ಲಿನ ಗಡಿಯಾರದಲ್ಲಿ ಎಷ್ಟಕ್ಕೆ ಇಳಿಯುತ್ತದೆ? ಇವೆರಡನ್ನು ಕಲಸಿಕೊಂಡೇ ಮನೆಮಂದಿಯೆಲ್ಲ ಕರೆತರಲು ತಪ್ಪು ದಿನ ಹೋಗಿ ನಿಲ್ಲುವುದು.

ವಾಪಸ್ ಬರುವಾಗ ಶನಿವಾರ ರಾತ್ರಿ ಹತ್ತಿ ಸೋಮವಾರ ಬೆಳಗ್ಗೆ ಇಳೀತೀವಿ. ಭಾನುವಾರ ಎಲ್ಲಿ ಹೋಯ್ತು?

ಭಾನುವಾರವನ್ನು ನೀವು ಆಕಾಶದಲ್ಲೇ ಕಳೆದಿರುತ್ತೀರಿ. ಈ ಮಾರ್ಗದ ಮೊದಲ ನೇರ ಹಾರಾಟವೂ ಹಾಗೇ ನಡೆದದ್ದು. 2021ರ ಜನವರಿ 9, ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಬಿಡಬೇಕಾಗಿದ್ದ ಏರ್ ಇಂಡಿಯಾ ವಿಮಾನ 11ನೇ ತಾರೀಖು ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ನಮ್ಮಲ್ಲಿ ಆಗಲೇ ಭಾನುವಾರ ಬೆಳಗ್ಗೆ ಹತ್ತು. ಅದಕ್ಕೆ ಹದಿನೇಳು ಚಿಲ್ಲರೆ ಗಂಟೆ ಸೇರಿಸಿದರೆ ಸೋಮವಾರದ ನಸುಕು.

ಪೆಸಿಫಿಕ್ ಸಾಗರದ ಮೇಲೆ ಹೋದರೆ ನಡುವೆ ದಿನಾಂಕ ರೇಖೆ ದಾಟುತ್ತೀರಿ, ಯುರೋಪಿನ ಮೇಲೆ ಬಂದರೆ ದಾಟುವುದಿಲ್ಲ. ಯಾವ ಕಡೆಯಿಂದ ಬಂದರೂ ಬೆಂಗಳೂರಿನಲ್ಲಿ ಇಳಿದಾಗ ದಿನಾಂಕ ಒಂದೇ. ಮಗುವಿನ ನಾಮಕರಣಕ್ಕೋ ತಿಥಿಗೋ ಬರುವವರು ಎರಡು ದಿನ ಮೊದಲೇ ಅಲ್ಲಿಂದ ಹತ್ತಬೇಕು ಅನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು.

ಅಲ್ಲಿ ಈಗ ಗಂಟೆ ಎಷ್ಟು ಅಂತ ತಕ್ಷಣ ಹೇಳೋಕೆ ಸುಲಭದ ದಾರಿ ಇದೆಯಾ?

ಇದೆ. ಹಗಲು–ರಾತ್ರಿ ಅದಲುಬದಲು ಮಾಡಿ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ, ಬೇಸಿಗೆಯಲ್ಲಿ ಅರ್ಧ ಗಂಟೆ ಕಳೆಯಿರಿ. ಇಲ್ಲಿ ಸಂಜೆ 6 ಆಗಿದ್ದರೆ ಅಲ್ಲಿ ಚಳಿಗಾಲದಲ್ಲಿ ಬೆಳಗಿನ ಜಾವ 4:30, ಬೇಸಿಗೆಯಲ್ಲಿ 5:30. ಬೇಸಿಗೆ ಅಂದರೆ ಅವರ ಗಡಿಯಾರದ ಬೇಸಿಗೆ: ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ. ಆ ಎರಡು ಭಾನುವಾರಗಳ ಆಸುಪಾಸಿನಲ್ಲಿ ವಿಮಾನದ ವೇಳಾಪಟ್ಟಿಯೂ ಬದಲಾಗುತ್ತದೆ. ಮೊದಲೇ ಟಿಕೆಟ್ ತೆಗೆದವರು ಆಗ ಒಮ್ಮೆ ಮತ್ತೆ ನೋಡಿಕೊಳ್ಳಬೇಕು.

ಭೂಮಿ ತಿರುಗುತ್ತೆ ತಾನೆ? ವಿಮಾನ ಮೇಲೆ ಹೋಗಿ ನಿಂತ್ಕೊಂಡ್ರೆ ಅಮೆರಿಕಾನೇ ಕೆಳಗೆ ಬರಲ್ವಾ?

ಮಕ್ಕಳು ಕೇಳುವ ಪ್ರಶ್ನೆ, ಒಳ್ಳೆಯ ಪ್ರಶ್ನೆ. ಬೆಂಗಳೂರು ನಿಂತ ಜಾಗದಲ್ಲಿ ಭೂಮಿ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಅದರ ಜತೆಗೆ ಗಾಳಿಯೂ ತಿರುಗುತ್ತಿದೆ, ರನ್‌ವೇ ಮೇಲಿನ ವಿಮಾನವೂ ತಿರುಗುತ್ತಿದೆ. ಮೇಲೆದ್ದ ಮಾತ್ರಕ್ಕೆ ವಿಮಾನ ಆ ವೇಗವನ್ನು ಕಳೆದುಕೊಳ್ಳುವುದಿಲ್ಲ, ಸುತ್ತಲಿನ ಗಾಳಿ ಅದನ್ನು ಹೊತ್ತುಕೊಂಡೇ ಇರುತ್ತದೆ. ಆದರೂ ಭೂಮಿಯ ತಿರುಗಾಟಕ್ಕೂ ಪ್ರಯಾಣದ ಹೊತ್ತಿಗೂ ಸಂಬಂಧ ಇಲ್ಲದೆ ಇಲ್ಲ. ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದಕ್ಕೆ ಈ ತಿರುಗಾಟವೂ ಒಂದು ಕಾರಣ. ಆ ಗಾಳಿಯ ಕತೆ ಮುಂದೆ ಬರುತ್ತದೆ.

## ಟಿಕೆಟ್ ತೆಗೆಯುವ ಮುನ್ನ

ನೇರ ವಿಮಾನ ಯಾವಾಗ ಶುರುವಾಯ್ತು? ಯಾವಾಗಲೂ ಇರುತ್ತಾ?

ಮೇಲೆ ಹೇಳಿದ 2021ರ ಜನವರಿಯ ಏರ್ ಇಂಡಿಯಾ ಹಾರಾಟವೇ ಮೊದಲನೆಯದು. ಬೋಯಿಂಗ್ 777-200ಎಲ್‌ಆರ್ ವಿಮಾನ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಕ್ಯಾಪ್ಟನ್ ತನ್ಮಯಿ ಪಾಪಗಾರಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್, ನಾಲ್ವರೂ ಮಹಿಳೆಯರು, ಅದನ್ನು ಧ್ರುವ ಪ್ರದೇಶದ ಮೇಲಿನಿಂದ ತಂದರು. ಬೆಂಗಳೂರು ಅದನ್ನು ಹೆಮ್ಮೆಯಿಂದಲೇ ಬರಮಾಡಿಕೊಂಡಿತು.

ಆದರೆ ಇಷ್ಟು ಉದ್ದದ ಹಾರಾಟ ಬಸ್ಸಿನ ರೂಟಿನ ಹಾಗೆ ಸ್ಥಿರವಾಗಿರುವುದಿಲ್ಲ. ಇಷ್ಟು ದೂರ ಹಾರಬಲ್ಲ ವಿಮಾನಗಳು ಕಂಪನಿಯ ಬಳಿ ಕೆಲವೇ ಇರುತ್ತವೆ. ಇಂಧನದ ಬೆಲೆ, ಯಾವ ದೇಶದ ಆಕಾಶ ತೆರೆದಿದೆ, ವಿಮಾನ ರಿಪೇರಿಗೆ ಹೋಗಿದೆಯೇ ಅನ್ನುವುದರ ಮೇಲೆ ವಾರದ ದಿನಗಳು ಹೆಚ್ಚು ಕಡಿಮೆಯಾಗುತ್ತವೆ, ಕೆಲವೊಮ್ಮೆ ಹಾರಾಟವೇ ನಿಂತು ಮತ್ತೆ ಶುರುವಾಗುತ್ತದೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕೂಡ 2020ರಲ್ಲಿ ಇದೇ ಮಾರ್ಗ ಘೋಷಿಸಿತ್ತು, ಹಾರಲೇ ಇಲ್ಲ. ಹೋದ ವರ್ಷ ನೆಂಟರು ನೇರ ಹೋದರು ಅನ್ನುವುದನ್ನು ನಂಬಿ ರಜೆ ಗೊತ್ತುಮಾಡಿಕೊಳ್ಳಬೇಡಿ. ನಿಮ್ಮ ತಿಂಗಳ ವೇಳಾಪಟ್ಟಿಯನ್ನು ಕಂಪನಿಯ ತಾಣದಲ್ಲೇ ನೋಡಿ.

ಏಜೆಂಟ್ ಡೈರೆಕ್ಟ್ ಅಂತಾನೆ, ಆದ್ರೆ ಟಿಕೆಟ್‌ನಲ್ಲಿ 21 ಗಂಟೆ ತೋರಿಸುತ್ತೆ. ಯಾಕೆ?

ಒಂದೇ ಫ್ಲೈಟ್ ನಂಬರ್ ಇಟ್ಟುಕೊಂಡು ನಡುವೆ ಇಳಿದು ಇಂಧನ ತುಂಬಿಸಿಕೊಂಡು ಹೊರಡುವ ವಿಮಾನವನ್ನೂ ಡೈರೆಕ್ಟ್ ಅಂತಲೇ ಮಾರುತ್ತಾರೆ. ಎಲ್ಲೂ ಇಳಿಯದ್ದು ಬೇಕಾದರೆ ನಾನ್‌ಸ್ಟಾಪ್ ಅಂತಲೇ ಕೇಳಿ, ಒಟ್ಟು ಗಂಟೆ 16ರಿಂದ 18ರ ಒಳಗಿದೆಯೇ ನೋಡಿ.

ಯಾವ ಊರಿನ ಮೇಲೆ ಹೋದರೆ ದೂರ ಕಡಿಮೆ?

ಇದರ ಉತ್ತರ ಬಹಳ ಜನರಿಗೆ ಅಚ್ಚರಿ ತರುತ್ತದೆ. ದೆಹಲಿ ಮೇಲೆ ಹೋದರೆ ಹೆಚ್ಚಾಗುವುದು ಬರೀ ನೂರು ಕಿ.ಮೀ. ಒಳಗೆ! ಬೆಂಗಳೂರು–ದೆಹಲಿ ಸುಮಾರು 1,700, ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 12,380, ಒಟ್ಟು 14,080. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹತ್ತಿರದ ದಾರಿ ಉತ್ತರ ದಿಕ್ಕಿನದು, ದೆಹಲಿ ಹೆಚ್ಚುಕಡಿಮೆ ಅದರ ಪಕ್ಕದಲ್ಲೇ ಇದೆ. ಆದ್ದರಿಂದ ದೆಹಲಿಯಲ್ಲಿ ಇಳಿಯುವವರು ಕಳೆದುಕೊಳ್ಳುವುದು ದೂರವನ್ನಲ್ಲ, ಕಾಯುವ ಹೊತ್ತನ್ನು.

ಟೋಕಿಯೊದ ನರಿತಾ ಮೇಲೆ ಸುಮಾರು 14,900 ಕಿ.ಮೀ. ದುಬೈ ಮೇಲೆ 15,700. ಫ್ರಾಂಕ್‌ಫರ್ಟ್ ಮೇಲೆ 16,500, ಲಂಡನ್ ಮೇಲೆ 16,700, ಸಿಂಗಪುರದ ಮೇಲೆ 16,800ರ ಹತ್ತಿರ. ಇವೆಲ್ಲ ಎರಡು ತುಂಡುಗಳ ಹತ್ತಿರದ ದಾರಿಯನ್ನು ಕೂಡಿಸಿದ ಲೆಕ್ಕ, ನಿಜವಾಗಿ ಹಾರುವುದು ಇದಕ್ಕಿಂತ ಸ್ವಲ್ಪ ಜಾಸ್ತಿಯೇ.

ದೂರಕ್ಕಿಂತ ಮುಖ್ಯವಾದದ್ದು ಆ ದೂರ ಹೇಗೆ ಒಡೆದಿದೆ ಅನ್ನುವುದು. ದುಬೈ ದಾರಿಯಲ್ಲಿ ಮೊದಲು ನಾಲ್ಕು ಗಂಟೆ, ಆಮೇಲೆ ಹದಿನಾರರ ಹತ್ತಿರ. ಉದ್ದದ ಕೂರುವಿಕೆ ತಪ್ಪಲೇ ಇಲ್ಲ. ಫ್ರಾಂಕ್‌ಫರ್ಟ್ ಅಥವಾ ಲಂಡನ್ ದಾರಿಯಲ್ಲಿ ಹತ್ತು ಗಂಟೆ, ಹನ್ನೊಂದು ಗಂಟೆ ಅಂತ ಸಮನಾಗಿ ಒಡೆಯುತ್ತದೆ. ಬೆನ್ನು, ಮಂಡಿ ನೋವಿರುವವರಿಗೆ ನಾನು ಹೇಳುವುದು ಈ ಸಮಪಾಲಿನ ದಾರಿಯನ್ನೇ.

ನಡುವೆ ಇಳಿಯುವ ಊರಲ್ಲಿ ಎಷ್ಟು ಹೊತ್ತು ಬಿಡುವು ಇರಬೇಕು?

ಯುರೋಪ್, ಕೊಲ್ಲಿ ದೇಶಗಳು ಅಥವಾ ಟೋಕಿಯೊ ಆದರೆ ಎರಡೂವರೆ ಗಂಟೆ ಇರಲಿ. ಒಂದೇ ಟಿಕೆಟ್‌ನಲ್ಲಿ ಎರಡೂ ವಿಮಾನ ಇದ್ದರೆ ಸಾಮಾನು ತಾನಾಗಿ ಮುಂದೆ ಹೋಗುತ್ತದೆ.

ನ್ಯೂಯಾರ್ಕ್‌ನಲ್ಲೋ ಷಿಕಾಗೊದಲ್ಲೋ ಇಳಿದು ಹೋಗುವುದಾದರೆ ಮಾತ್ರ ಎಚ್ಚರ. ಅಮೆರಿಕದಲ್ಲಿ ಮೊದಲು ಕಾಲಿಡುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಬೇಕು, ಸಾಮಾನು ಬೆಲ್ಟ್‌ನಿಂದ ಎತ್ತಿಕೊಳ್ಳಬೇಕು, ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು, ಮತ್ತೊಮ್ಮೆ ಸೆಕ್ಯುರಿಟಿ ತಪಾಸಣೆ. ಇಮಿಗ್ರೇಷನ್ ಸಾಲು ಒಂದೊಂದು ದಿನ ಇಪ್ಪತ್ತು ನಿಮಿಷ, ಒಂದೊಂದು ದಿನ ಎರಡು ಗಂಟೆ. ಇಲ್ಲಿ ಮೂರೂವರೆ ಗಂಟೆಗಿಂತ ಕಡಿಮೆ ಇರುವ ಟಿಕೆಟ್ ನಾನಾಗಿದ್ದರೆ ತೆಗೆಯುವುದಿಲ್ಲ, ಅದರಲ್ಲೂ ಮೊದಲ ಸಲ ಹೋಗುವ ಹಿರಿಯರಿಗೆ.

ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಟ್ಟು ಎಷ್ಟು ಹೊತ್ತು?

ನೇರ ವಿಮಾನವೇ ಆದರೂ 22ರಿಂದ 24 ಗಂಟೆ ಅಂದುಕೊಳ್ಳಿ. ನಿಲ್ದಾಣ ಇರುವುದು ದೇವನಹಳ್ಳಿ ಕಡೆ, ಮೆಜೆಸ್ಟಿಕ್‌ನಿಂದ 35 ಕಿ.ಮೀ. ಆಸುಪಾಸು. ಜಯನಗರ, ಕೆಂಗೇರಿ ಕಡೆಯವರಿಗೆ ಇನ್ನೂ ದೂರ. ಸಂಜೆಯ ಹೆಬ್ಬಾಳ ಯಾರಿಗೆ ತಿಳಿಯದು? ರಸ್ತೆಗೆ ಎರಡು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಮೊದಲು. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ, ಕ್ಯಾಬ್‌ನವರಿಗೆ ಟಿ2 ಅಂತ ಮೊದಲೇ ಹೇಳಿ. ಇಳಿದ ಮೇಲೆ ಇಮಿಗ್ರೇಷನ್, ಸಾಮಾನು ಸೇರಿ ಒಂದೂವರೆ ಗಂಟೆ, ಅಲ್ಲಿಂದ ಸನ್ನಿವೇಲ್‌ಗೋ ಫ್ರೀಮಾಂಟ್‌ಗೋ ಕಾರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದಿಂದ ಹೊರಡುವವರು ತಮ್ಮ ಊರಿನ ಪ್ರಯಾಣವನ್ನು ಇದಕ್ಕೆ ಕೂಡಿಸಿಕೊಳ್ಳಬೇಕು.

ನಮ್ಮಮ್ಮನಿಗೆ ಎಪ್ಪತ್ತು ದಾಟಿದೆ, ಒಬ್ಬರೇ ಬರ್ತಿದ್ದಾರೆ, ಇಂಗ್ಲಿಷ್ ಬರಲ್ಲ. ನೇರ ವಿಮಾನ ಒಳ್ಳೆಯದಾ, ನಡುವೆ ಇಳಿಯೋದಾ?

ಒಬ್ಬರೇ ಬರುತ್ತಿದ್ದರೆ ನೇರ ವಿಮಾನ. ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಅರ್ಧರಾತ್ರಿ ಗೊತ್ತಿಲ್ಲದ ಊರಲ್ಲಿ ಗೇಟ್ ಹುಡುಕುವ ಆತಂಕ ಹದಿನಾರು ಗಂಟೆಯ ಆಯಾಸಕ್ಕಿಂತ ದೊಡ್ಡದು. ನೇರ ವಿಮಾನ ಸಿಗದಿದ್ದರೆ ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಕೇಳಿ. ಅಮ್ಮನಿಗೆ ನಡೆಯಲು ಬರುತ್ತದೆ ಅಂತ ಬಿಡಬೇಡಿ. ಗಾಲಿಕುರ್ಚಿ ತಳ್ಳುವವರೇ ಇಮಿಗ್ರೇಷನ್ ದಾಟಿಸಿ ಮುಂದಿನ ಗೇಟಿಗೆ ಮುಟ್ಟಿಸುತ್ತಾರೆ, ಅದಕ್ಕೆ ಬೇರೆ ಹಣವಿಲ್ಲ. ಮನೆ ವಿಳಾಸ, ನಿಮ್ಮ ಫೋನ್ ನಂಬರ್, ಎಷ್ಟು ದಿನ ಇರುತ್ತಾರೆ, ಯಾಕೆ ಬಂದಿದ್ದಾರೆ ಅನ್ನುವುದನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟ್ ಜತೆ ಇಡಿ.

ವಿಮಾನದಲ್ಲಿ ಎರಡು ಗಂಟೆಗೊಮ್ಮೆ ಎದ್ದು ಓಡಾಡಲಿ, ನೀರು ಕುಡಿಯಲಿ. ಬಹಳ ಹೊತ್ತು ಕಾಲು ಮಡಚಿ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು. ಶೌಚಾಲಯಕ್ಕೆ ಹೋಗಬೇಕಲ್ಲ ಅಂತ ನೀರೇ ಕುಡಿಯದೆ ಕೂರುವ ತಾಯಂದಿರು ಬಹಳ. ಆಚೆ ಓಡಾಡಲು ಸುಲಭವಾಗುವ ಅಂಚಿನ ಸೀಟು ಕೊಡಿಸಿ.

ಅಪ್ಪ ದಿನಾ ರಾತ್ರಿ ಎಂಟಕ್ಕೆ ಮಾತ್ರೆ ತಗೋತಾರೆ. ವಿಮಾನದಲ್ಲಿ ಯಾವ ಎಂಟು?

ಗಡಿಯಾರ ಮರೆತು ಮಾತ್ರೆ ಮಾತ್ರೆಗಳ ನಡುವಿನ ಗಂಟೆ ನೋಡಿ. ದಿನಕ್ಕೊಂದು ಮಾತ್ರೆಯಾದರೆ 24 ಗಂಟೆಯ ಅಂತರ. ಕೈಗಡಿಯಾರವನ್ನು ಬೆಂಗಳೂರಿನ ಹೊತ್ತಿಗೇ ಬಿಟ್ಟರೆ ದಾರಿಯಲ್ಲಿ ಲೆಕ್ಕ ಸುಲಭ. ಅಲ್ಲಿಗೆ ಹೋದ ಮೇಲೆ ಹೊತ್ತು ಹೇಗೆ ಬದಲಿಸಬೇಕು ಅನ್ನುವುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಇದನ್ನು ಕೇಳದೆ ಹೊರಡಲೇಬಾರದು. ಔಷಧಿ, ಚೀಟಿ ಎರಡೂ ಕೈಚೀಲದಲ್ಲಿರಲಿ.

## ಆಕಾಶದ ದಾರಿ

ಸೀಟಿನ ಮುಂದಿನ ಮ್ಯಾಪಲ್ಲಿ ವಿಮಾನ ಬಿಲ್ಲಿನ ಹಾಗೆ ಬಾಗಿ ಹೋಗುತ್ತೆ. ನೆಟ್ಟಗೆ ಯಾಕೆ ಹೋಗಲ್ಲ?

ನೆಟ್ಟಗೇ ಹೋಗುತ್ತಿದೆ, ಬಾಗಿರುವುದು ನಕ್ಷೆ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಉತ್ತರದ ಭಾಗ ಅಗಲಕ್ಕೆ ಎಳೆದುಕೊಂಡುಬಿಡುತ್ತದೆ. ಶಾಲೆಯ ಗ್ಲೋಬ್ ತೆಗೆದುಕೊಂಡು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ಅಟ್ಲಾಂಟಿಕ್ ಕಡೆಗೂ ಹೋಗುವುದಿಲ್ಲ, ಪೆಸಿಫಿಕ್ ನಡುವಿಗೂ ಹೋಗುವುದಿಲ್ಲ. ಬೆಂಗಳೂರಿನಿಂದ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹಿಮಸಮುದ್ರ ಮುಟ್ಟಿ, ಅಲಾಸ್ಕಾ ಮೇಲಿಂದ ಕೆನಡಾದ ಕರಾವಳಿಗುಂಟ ಕೆಳಗಿಳಿಯುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ. ಇಡೀ ಭೂಗೋಳದ ಪಾಠ ಒಂದೇ ದಾರದಲ್ಲಿ ಸಿಗುತ್ತದೆ.

ದೂರ ಒಂದೇ ಇದ್ದಮೇಲೆ ಹೋಗುವಾಗ 16, ಬರುವಾಗ ಹದಿನೇಳೂಮುಕ್ಕಾಲು ಯಾಕೆ?

ಗಾಳಿ. ಈ ಪ್ರಯಾಣದಲ್ಲಿ ಹೊತ್ತನ್ನು ತೀರ್ಮಾನಿಸುವುದು ಕಿಲೋಮೀಟರ್‌ಗಿಂತ ಹೆಚ್ಚಾಗಿ ಗಾಳಿಯೇ.

ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಿರುಸಾದ ಗಾಳಿಯ ಹೊಳೆಗಳಿವೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ, ಉತ್ತರ ಪೆಸಿಫಿಕ್ ಮೇಲೆ ಅವುಗಳ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ವಿಮಾನದ ವೇಗ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ಅದು 1,000 ದಾಟುತ್ತದೆ, ಎದುರಿಗಿದ್ದರೆ 800ಕ್ಕೆ ಇಳಿಯುತ್ತದೆ.

ಆದ್ದರಿಂದ ಬೆಂಗಳೂರಿನಿಂದ ಹೋಗುವ ವಿಮಾನ ಎಷ್ಟೋ ಸಲ ಹತ್ತಿರದ ದಾರಿ ಬಿಟ್ಟು ಪೂರ್ವಕ್ಕೆ, ಜಪಾನಿನ ಕಡೆ ಹೊರಳಿ ಪೆಸಿಫಿಕ್ ಮೇಲೆ ಹೋಗುತ್ತದೆ. ಲೆಕ್ಕ ನೋಡಿ: ಗಾಳಿಯಿಲ್ಲದೆ 14,000 ಕಿ.ಮೀ.ಯನ್ನು 900ರಲ್ಲಿ ಹೋದರೆ ಹದಿನೈದೂವರೆ ಗಂಟೆ ಮೀರುತ್ತದೆ. 14,900 ಕಿ.ಮೀ.ಯನ್ನು ಬೆನ್ನಗಾಳಿಯ ಸಹಾಯದಿಂದ ಸರಾಸರಿ 1,000ದಲ್ಲಿ ಹೋದರೆ ಹದಿನೈದು ಗಂಟೆಗೆ ಮುಗಿಯುತ್ತದೆ. ದೂರದ ದಾರಿಯೇ ಬೇಗ! 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಮೊದಲ ಸಲ ಹೀಗೆ ಪೆಸಿಫಿಕ್ ಮೇಲೆ ಕಳಿಸಿ 15,300 ಕಿ.ಮೀ.ಯನ್ನು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿತು. ಅಲ್ಲಿಯವರೆಗಿನ ಅಟ್ಲಾಂಟಿಕ್ ದಾರಿ ಅದಕ್ಕಿಂತ 1,400 ಕಿ.ಮೀ. ಚಿಕ್ಕದು, ಆದರೆ ಹೊತ್ತು ಹೆಚ್ಚು ತೆಗೆದುಕೊಳ್ಳುತ್ತಿತ್ತು.

ಬರುವಾಗ ಅದೇ ಗಾಳಿ ಎದುರು. ಅದಕ್ಕೇ ವಿಮಾನ ಗಾಳಿ ಸೌಮ್ಯವಾಗಿರುವ ಉತ್ತರದ ದಾರಿ ಹುಡುಕುತ್ತದೆ. ಯಾವ ದಿನ ಯಾವ ದಾರಿ ಅನ್ನುವುದು ಹೊರಡುವ ಕೆಲವೇ ಗಂಟೆ ಮೊದಲು, ಆ ದಿನದ ಗಾಳಿಯ ಮುನ್ಸೂಚನೆ ನೋಡಿ ತೀರ್ಮಾನವಾಗುತ್ತದೆ.

ಉತ್ತರ ಧ್ರುವದ ಮೇಲೆ ಹೋಗುತ್ತಂತೆ, ನಿಜವಾ? ಅಲ್ಲಿ ಇಂಧನ ಹೆಪ್ಪುಗಟ್ಟಲ್ವಾ?

ನಿಜ, ಕೆಲವು ಹಾರಾಟಗಳು ಹೋಗುತ್ತವೆ. ಲೆಕ್ಕದ ಪ್ರಕಾರ ಬೆಂಗಳೂರಿನಿಂದ ನೇರ ಧ್ರುವದ ಬಿಂದುವಿಗೇ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿದರೂ 14,365 ಕಿ.ಮೀ. ಅತಿ ಹತ್ತಿರದ ದಾರಿಗಿಂತ 370 ಕಿ.ಮೀ. ಮಾತ್ರ ಹೆಚ್ಚು. ಎದುರುಗಾಳಿ ಕಡಿಮೆ ಇದ್ದರೆ ಅಷ್ಟು ಸುತ್ತು ಲಾಭವೇ.

ಇಂಧನದ ಚಿಂತೆಯೂ ನ್ಯಾಯವಾದದ್ದೇ. ಸಾಮಾನ್ಯವಾಗಿ ಬಳಸುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ, ಅಮೆರಿಕದಲ್ಲಿ ತುಂಬುವ ಜೆಟ್ ಎ ಮೈನಸ್ 40ರಲ್ಲಿ ಹೆಪ್ಪುಗಟ್ಟಲು ತೊಡಗುತ್ತದೆ. ಧ್ರುವದ ಮೇಲಿನ ಗಾಳಿ ಮೈನಸ್ 60ಕ್ಕೂ ಇಳಿಯಬಹುದು. ವಿಮಾನ ವೇಗವಾಗಿ ಹಾರುವಾಗ ರೆಕ್ಕೆಯ ಮೈ ಬಿಸಿಯಾಗುವುದರಿಂದ ಟ್ಯಾಂಕಿನ ಇಂಧನ ಹೊರಗಿನಷ್ಟು ತಣ್ಣಗಾಗುವುದಿಲ್ಲ. ಪೈಲಟ್‌ಗಳು ಅದರ ಉಷ್ಣತೆಯನ್ನು ನೋಡುತ್ತಲೇ ಇರುತ್ತಾರೆ. ತೀರಾ ತಣ್ಣಗಾದರೆ ಬೆಚ್ಚಗಿನ ಗಾಳಿಯಿರುವ ಎತ್ತರಕ್ಕೆ ಹೋಗುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ಅಲ್ಲಿ ಕಾಂತ ದಿಕ್ಸೂಚಿ ನಂಬುವಂತಿಲ್ಲ, 82 ಡಿಗ್ರಿ ಅಕ್ಷಾಂಶ ದಾಟಿದರೆ ಭೂಮಧ್ಯರೇಖೆಯ ಮೇಲಿನ ಸಂಪರ್ಕ ಉಪಗ್ರಹಗಳೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಈ ದಾರಿಗೆ ಕಂಪನಿಗೆ ಬೇರೆ ಅನುಮತಿ, ಸಿಬ್ಬಂದಿಗೆ ಬೇರೆ ತರಬೇತಿ ಬೇಕು. ಚಳಿ ತಡೆಯುವ ವಿಶೇಷ ಉಡುಪೂ ವಿಮಾನದಲ್ಲಿರುತ್ತದೆ.

ಹತ್ತಿರದ ದಾರಿ ಹಿಮಾಲಯ, ಟಿಬೆಟ್ ಮೇಲಿದ್ದರೆ ಅಲ್ಲೇ ಯಾಕೆ ಹೋಗಲ್ಲ?

ಬೆಟ್ಟ ತಾಗುತ್ತದೆ ಅಂತಲ್ಲ. ವಿಮಾನ ಹನ್ನೊಂದು ಕಿ.ಮೀ. ಎತ್ತರದಲ್ಲಿರುತ್ತದೆ, ಎವರೆಸ್ಟ್ ಒಂಬತ್ತನ್ನೂ ಮುಟ್ಟುವುದಿಲ್ಲ. ತೊಂದರೆ ಬರುವುದು ಒಳಗಿನ ಗಾಳಿಯ ಒತ್ತಡ ಕೆಟ್ಟಾಗ. ಆಗ ಎಲ್ಲರೂ ಉಸಿರಾಡಬಲ್ಲ ಮೂರು ಕಿ.ಮೀ. ಎತ್ತರಕ್ಕೆ ಬೇಗ ಇಳಿಯಬೇಕು. ಮೇಲಿನಿಂದ ಬೀಳುವ ಆಮ್ಲಜನಕದ ಮುಖವಾಡ ಹದಿನೈದು ನಿಮಿಷದ ಆಸುಪಾಸು ಮಾತ್ರ ಕೆಲಸ ಮಾಡುತ್ತದೆ. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ, ಸಾವಿರಾರು ಕಿ.ಮೀ. ತನಕ ಹಾಗೇ ಇದೆ. ಇಳಿಯಲು ಜಾಗವೇ ಇಲ್ಲ. ಆದ್ದರಿಂದ ವಿಮಾನಗಳು ಪಶ್ಚಿಮಕ್ಕೋ ಪೂರ್ವಕ್ಕೋ ಸರಿದು ಹೋಗುತ್ತವೆ.

ಬೇರೆ ದೇಶಗಳು ಆಕಾಶ ಮುಚ್ಚಿದರೆ ನಮಗೇನು ವ್ಯತ್ಯಾಸ?

ಗಂಟೆಗಟ್ಟಲೆ ವ್ಯತ್ಯಾಸ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ನಮ್ಮ ಹತ್ತಿರದ ದಾರಿಯ ದೊಡ್ಡ ಪಾಲು ಸೈಬೀರಿಯಾ ಮೇಲಿದೆ. ಭಾರತದ ಕಂಪನಿಗೆ ಆ ದಾರಿ ತೆರೆದೇ ಉಳಿಯಿತು, ಅಮೆರಿಕದ ಕಂಪನಿಗಳು ಸುತ್ತು ಹಾಕಬೇಕಾಯಿತು. ಪಾಕಿಸ್ತಾನ 2019ರಲ್ಲಿ ಕೆಲವು ತಿಂಗಳು ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಇದರ ಬಿಸಿ ಹೆಚ್ಚು ತಟ್ಟಿದ್ದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ. ಪೂರ್ವದ ಪೆಸಿಫಿಕ್ ದಾರಿಯಲ್ಲಿ ಹೋಗುವವರಿಗೆ ಅಷ್ಟಿಲ್ಲ. ಟಿಕೆಟ್ ತೆಗೆಯುವಾಗ ಯಾವ ಕಂಪನಿ ಯಾವ ಆಕಾಶ ಬಳಸಬಹುದು ಅನ್ನುವುದನ್ನೂ ನೋಡುವ ಕಾಲ ಬಂದಿದೆ.

ಎರಡೇ ಎಂಜಿನ್ ಇರೋದು. ಸಮುದ್ರದ ಮೇಲೆ ಒಂದು ಕೆಟ್ಟರೆ ಏನು ಗತಿ?

ಒಂದೇ ಎಂಜಿನ್‌ನಲ್ಲಿ ಗಂಟೆಗಟ್ಟಲೆ ಹಾರಿ ಹತ್ತಿರದ ನಿಲ್ದಾಣ ಸೇರುವಂತೆಯೇ ಈ ವಿಮಾನಗಳನ್ನು ಕಟ್ಟಿರುವುದು. ಎರಡು ಎಂಜಿನ್‌ನ ವಿಮಾನ ನಿಲ್ದಾಣದಿಂದ ಎಷ್ಟು ನಿಮಿಷದ ದೂರಕ್ಕೆ ಹೋಗಬಹುದು ಅನ್ನುವುದಕ್ಕೆ ಇಟಾಪ್ಸ್ ಅನ್ನುವ ನಿಯಮವಿದೆ. 777ರ ಉದ್ದ ಹಾರಾಟದ ಮಾದರಿಗಳಿಗೆ 330 ನಿಮಿಷದವರೆಗೂ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ದಾರಿಯುದ್ದಕ್ಕೂ ಅಲಾಸ್ಕಾದ ಆಂಕರೇಜ್, ರಷ್ಯಾದ ಮಗದಾನ್ ಮುಂತಾದ ಊರುಗಳನ್ನು ಮೊದಲೇ ಗುರುತು ಹಾಕಿಕೊಂಡಿರುತ್ತಾರೆ.

2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಂಡು ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ ಎಲ್ಲರೂ ಕ್ಷೇಮ. ಬೇರೆ ವಿಮಾನ ಬರುವ ತನಕ ಆ ಚಿಕ್ಕ ಊರಿನ ಶಾಲೆ, ಹಾಸ್ಟೆಲುಗಳಲ್ಲಿ ಮಲಗಿದರು. ಇದರಿಂದ ನಾನು ಎಲ್ಲರಿಗೂ ಹೇಳುವುದು: ಎರಡು ದಿನದ ಔಷಧಿ, ಒಂದು ಜೊತೆ ಬಟ್ಟೆ, ಒಂದು ಬೆಚ್ಚನೆಯ ಸ್ವೆಟರ್ ಕೈಚೀಲದಲ್ಲೇ ಇರಲಿ, ಬೆಂಗಳೂರು ಎಷ್ಟೇ ಸೆಖೆಯಾಗಿದ್ದರೂ.

## ಲೆಕ್ಕ ಬೇಕಾದವರಿಗೆ

ಸೀಟು ಖಾಲಿ ಕಾಣುತ್ತೆ, ಆದ್ರೂ ಟಿಕೆಟ್ ಇಲ್ಲ ಅಂತಾರೆ. ಯಾಕೆ?

ತೂಕದ ಕಾರಣಕ್ಕೆ ಇರಬಹುದು. 777-200ಎಲ್‌ಆರ್ ಗಂಟೆಗೆ ಸರಿಸುಮಾರು ಏಳು ಟನ್ ಇಂಧನ ಸುಡುತ್ತದೆ. ಹದಿನಾರು ಹದಿನೇಳು ಗಂಟೆಗೆ ನೂರು ಟನ್ ಮೀರುತ್ತದೆ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು ಹೋಗುವುದೇ ಕೊನೆಯ ಗಂಟೆಗಳ ಇಂಧನ ಹೊರಲು.

ಇದಕ್ಕೆ ಬೆಂಗಳೂರಿನ ಎತ್ತರವೂ ಸೇರಿಕೊಳ್ಳುತ್ತದೆ. ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ, ಸ್ಯಾನ್ ಫ್ರಾನ್ಸಿಸ್ಕೊದ್ದು ಕೊಲ್ಲಿಯ ದಡದಲ್ಲೇ. ಎತ್ತರದಲ್ಲಿ ಗಾಳಿ ತೆಳು, ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ ಸಿಗುತ್ತದೆ. ನಾಲ್ಕು ಕಿ.ಮೀ. ಉದ್ದದ ರನ್‌ವೇಗಳು ಇದಕ್ಕೇ ನೆರವಾಗುವುದು. ಆದರೂ ಕೆಲವು ದಿನ ಕಂಪನಿ ಸರಕನ್ನೋ ಸೀಟುಗಳನ್ನೋ ಬಿಟ್ಟು ಹೊರಡಬೇಕಾಗುತ್ತದೆ.

ಒಂದು ಕಡೆ 13,993, ಇನ್ನೊಂದು ಕಡೆ 16,000 ಅಂತ ಬರೀತಾರೆ. ಯಾವುದು ಸರಿ?

ಎರಡೂ. ಮೊದಲನೆಯದು ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ಅಂತರ, ಎರಡನೆಯದು ಆ ದಿನ ವಿಮಾನ ನಿಜವಾಗಿ ಹಾರಿದ ದಾರಿ. ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಮಾತ್ರ ಇದ್ದರೆ ಕಾರಣ ಬೇರೆ. ಭೂಮಿಯ ತ್ರಿಜ್ಯ ಭೂಮಧ್ಯದಲ್ಲಿ 6,378 ಕಿ.ಮೀ., ಧ್ರುವದ ಕಡೆ 6,357. ಕೆಲವರು ಭೂಮಿಯನ್ನು ಪೂರಾ ದುಂಡಗೆ ಅಂದುಕೊಂಡು ಲೆಕ್ಕ ಹಾಕುತ್ತಾರೆ, ಕೆಲವರು ಈ ಚಪ್ಪಟೆಯನ್ನೂ ಸೇರಿಸುತ್ತಾರೆ.

ನಾನೇ ದೂರ ಲೆಕ್ಕ ಹಾಕೋಕೆ ಆಗುತ್ತಾ?

ಪಿಯುಸಿ ಗಣಿತ ಸಾಕು. ಬೆಂಗಳೂರು ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಿಸಿದರೆ 200.09 (ಎರಡೂ ಒಂದೇ ಕಡೆ ಇದ್ದರೆ ಕಳೆಯಬೇಕು). ಇದು 180 ಮೀರಿದ್ದರಿಂದ 360ರಿಂದ ಕಳೆದರೆ 159.91. ಈಗ,

ಸೈನ್ 13.20 × ಸೈನ್ 37.62 = 0.139
ಕೊಸೈನ್ 13.20 × ಕೊಸೈನ್ 37.62 × ಕೊಸೈನ್ 159.91 = −0.724

ಎರಡನ್ನೂ ಕೂಡಿಸಿದರೆ −0.585. ಯಾವ ಕೋನದ ಕೊಸೈನ್ ಇದು ಅಂದರೆ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 13,989 ಕಿ.ಮೀ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರದೆ ಡಿಗ್ರಿಯಲ್ಲಿದೆಯೇ ನೋಡಿಕೊಳ್ಳಿ. ಯಾವ ಎರಡು ಊರಿಗಾದರೂ ಇದೇ ಸೂತ್ರ. ಒಂದು ಊರು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದರೆ ಅದರ ಅಕ್ಷಾಂಶಕ್ಕೆ ಮೈನಸ್ ಹಾಕಿ.

ದೂರ ಗೊತ್ತಾಯ್ತು. ಹೊತ್ತನ್ನೂ ಅಂದಾಜು ಮಾಡೋದು ಹೇಗೆ?

ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ನಮ್ಮ ದಾರಿಗೆ 16 ಗಂಟೆ ಬರುತ್ತದೆ. ಪಶ್ಚಿಮಕ್ಕೆ ಎದುರುಗಾಳಿಯಲ್ಲಿ ಬರುವುದಾದರೆ 820ರಿಂದ ಭಾಗಿಸಿ, ಹದಿನೇಳೂವರೆ ಬರುತ್ತದೆ. ಟಿಕೆಟ್‌ನಲ್ಲಿ ಬರೆದಿರುವುದು ಗೇಟ್ ಬಿಟ್ಟ ಕ್ಷಣದಿಂದ ಗೇಟ್ ಸೇರುವ ತನಕದ ಹೊತ್ತು. ರನ್‌ವೇ ಕಡೆ ಸಾಗುವುದೂ ಕಾಯುವುದೂ ಅದರಲ್ಲಿ ಸೇರಿದೆ. ಕರೆತರಲು ಹೋಗುವವರು ಅಂದಾಜನ್ನೂ ಟಿಕೆಟನ್ನೂ ಬದಿಗಿಟ್ಟು, ವಿಮಾನ ಹೊರಟ ಮೇಲೆ ಫ್ಲೈಟ್ ನಂಬರ್ ಹಾಕಿ ಆ ದಿನದ ಇಳಿಯುವ ಹೊತ್ತನ್ನು ನೋಡಿ. ಬೆನ್ನಗಾಳಿ ಜೋರಾಗಿದ್ದ ದಿನ ವಿಮಾನ ಮುಕ್ಕಾಲು ಗಂಟೆ ಮೊದಲೇ ಬಂದು ನಿಂತಿರುತ್ತದೆ.